ಹಪ್ಪಳ ಒಡೆದವನ ಕೈಗೇ ಖಂಜರ್

ನಮ್ಮ ಶ್ರೇಯಾಳ ಕೆಲಸ ಖಾಯಂ ಆಯಿತು! ಇವತ್ತು ಬೆಳಗ್ಗೆ ಹನ್ನೊಂದು ಗಂಟೆಗೆ ಆಫೀಸಿನಿಂದಲೇ ಫೋನ್ ಮಾಡಿದಳು. ನಾನು ಆಗ ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಸುದ್ದಿ ಕೇಳಿದ ಖುಷಿಗೆ ಕೈಯಲ್ಲಿದ್ದ ಮಗನ ಪ್ಯಾಂಟು ಹಾರಿ ಪಕ್ಕದ ವಿಲ್ಲಾದ ಅಂಗಳಕ್ಕೆ ಬಿತ್ತು. ಬೀಳಲಿ! ಅದನ್ನು ತರಲು ಹೋದಾಗ ಅಲ್ಲಿಯ ಕಾವಲುಗಾರನಿಗೂ ಹೇಳಿದೆ. ಮೂಲೆಯ ಅಂಗಡಿಯ ಮಲಯಾಳಿಗೆ ಹೇಳಿದೆ. ಕುಡಿಯುವ ನೀರಿನ ಬಾಟಲಿ ತರುವವನಿಗೆ ಹೇಳಿದೆ. ಅವನು ಯಾವತ್ತೂ ಬಾಟಲಿಯನ್ನು ಗೇಟಿನ ಹೊರಗೆ ಬಿಟ್ಟು ಹೋಗುವವನು, ಇವತ್ತು "ಮಬ್ರೂಕ್, ಮಬ್ರೂಕ್" ಎಂದು ಅರಬ್ಬಿಯಲ್ಲಿ ಶುಭ ಹೇಳುತ್ತಾ ಅಡುಗೆಮನೆಯವರೆಗೆ ಹೊತ್ತು ತಂದಿಟ್ಟ. ಸಂತೋಷವನ್ನು ಹೇಳಿಕೊಂಡರೆ ನೀರು ಕೂಡ ಒಳಗೆ ಬರುತ್ತದೆ ನೋಡಿ.

ನನ್ನ ಹೆಸರು ಸಂಜೀವ. ಊರು ಕಾರ್ಕಳದ ಕಡೆ. ಓದಿದ್ದು ಐದನೆಯ ಕ್ಲಾಸು, ಅದರಲ್ಲೂ ಐದನೆಯದು ಅರ್ಧ. ಮಸ್ಕತ್ತಿನ ಒಂದು ಪಾರ್ಸೆಲ್ ಕಂಪನಿಗೆ ಪೆಟ್ಟಿಗೆ ಹೊರಲು ಸೇರಿದೆ, ಆಮೇಲೆ ವ್ಯಾನ್ ಓಡಿಸಿದೆ, ಕೊನೆಗೆ ಯಾವ ಪಾರ್ಸೆಲ್ ಯಾವ ಡ್ರೈವರನ ಕೈಗೆ ಎಂದು ತೀರ್ಮಾನಿಸುವ ಕುರ್ಚಿಯಲ್ಲಿ ಕೂತೆ. ಈಗ ರಿಟೈರಾಗಿ ಮಸ್ಕತ್ತಿನ ಹೊರವಲಯದ ಸೀಬ್‌ನಲ್ಲಿ ಮಗ ರಮೇಶನ ಮನೆಯಲ್ಲಿ ಇದ್ದೇನೆ. ರಮೇಶನ ಮಗಳೇ ಶ್ರೇಯಾ. ಅವಳು ಸೇರಿದ್ದು ಬೇರೆ ಕೊರಿಯರ್ ಕಂಪನಿಗೆ, ಆದರೆ ಕೆಲಸ ಮಾತ್ರ ನನ್ನ ಕುರ್ಚಿಯದೇ. ನಾನು ಪೆನ್ಸಿಲ್ಲಿನಲ್ಲಿ ಮಾಡಿದ್ದನ್ನು ಅವಳು ಕಂಪ್ಯೂಟರಿನಲ್ಲಿ ಮಾಡುತ್ತಾಳೆ.

ನಮ್ಮವರ ಮಕ್ಕಳು ಈಗ ತುಂಬ ಮಂದಿ ಈ ಕೆಲಸಕ್ಕೆ ಬರುತ್ತಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪ್ರಮೋಷನ್ ಹೇಗೆ ಸಿಗುತ್ತದೆ ಎಂದು ನನ್ನನ್ನು ಕೇಳಬೇಡಿ. ನನಗೆ ಹೇಗೆ ಸಿಕ್ಕಿತೆಂದು ನನಗೇ ಗೊತ್ತಿಲ್ಲ. ಒಳ್ಳೆಯ ಕೊರಿಯರ್‌ನನ್ನು ಆರಿಸುವುದು ಹೇಗೆ ಎಂದು ಕೇಳಿ, ಹೇಳುತ್ತೇನೆ. ಅದನ್ನೂ ನಾನು ಸರಿಯಾಗಿ ಕಲಿತದ್ದು ಹೋದ ವಾರ, ರಿಟೈರಾಗಿ ಆರು ವರ್ಷದ ಮೇಲೆ. ಕಲಿಸಿದವಳು ನನ್ನ ಹೆಂಡತಿ ವಾರಿಜಾ.

ಮೊದಲು ಹಳೆಯದನ್ನು ಹೇಳುತ್ತೇನೆ.

ಆಗ ಇಲ್ಲಿ ಮನೆಗಳಿಗೆ ವಿಳಾಸವೇ ಇರಲಿಲ್ಲ. ಇದ್ದದ್ದು ಪೋಸ್ಟ್ ಬಾಕ್ಸ್ ನಂಬರು. ಪಾರ್ಸೆಲ್ ಮನೆಗೇ ಬೇಕೆಂದರೆ ಗಿರಾಕಿ ಫೋನಿನಲ್ಲಿ ಗುರುತು ಹೇಳುತ್ತಿದ್ದ: ಮಸೀದಿ ದಾಟು, ಪೆಟ್ರೋಲ್ ಪಂಪಿನ ಹಿಂದೆ, ಹಸಿರು ಗೇಟು. ನನಗೆ ಇಂಗ್ಲಿಷ್ ಬಾರದು, ಅರಬ್ಬಿ ಮೊದಲೇ ಬಾರದು. ಹಾಗಾಗಿ ನೋಟುಬುಕ್ಕಿನಲ್ಲಿ ಚಿತ್ರ ಬರೆದುಕೊಳ್ಳುತ್ತಿದ್ದೆ. ಮಸೀದಿಗೆ ಒಂದು ಗುಮ್ಮಟ, ಪಂಪಿಗೆ ಒಂದು ಪೈಪು. ಒಂದು ಸಲ ಸೀಬ್‌ನ ಒಂದು ಮನೆಗೆ "ಎದುರಲ್ಲಿ ನೀಲಿ ಪಿಕಪ್" ಎಂದು ಗುರುತು ಸಿಕ್ಕಿತು. ನಾನು ಪಿಕಪ್ಪಿನ ಚಿತ್ರ ಬರೆದು, ನೀಲಿ ಪೆನ್ನಿನಿಂದ ಬಣ್ಣವನ್ನೂ ಹಾಕಿಕೊಂಡು ಹೊರಟೆ. ರಸ್ತೆಯಲ್ಲೇ ನೀಲಿ ಪಿಕಪ್ ಕಂಡಿತು. ಸರಿ, ಮನೆಗೆ ಹೋಗುತ್ತಿರಬೇಕು ಎಂದು ಹಿಂದೆ ಬಿದ್ದೆ. ಅದು ಮೀನು ಮಾರ್ಕೆಟಿಗೆ ಹೋಯಿತು, ಟಯರ್ ಅಂಗಡಿಗೆ ಹೋಯಿತು, ಒಂದು ಕಡೆ ಎರಡು ಆಡು ಹತ್ತಿಸಿಕೊಂಡು ತೋಟಕ್ಕೆ ಹೋಯಿತು. ನಾನು ಪ್ರತಿ ಕಡೆಯೂ ಸಭ್ಯವಾಗಿ ಹಿಂದೆ ನಿಂತೆ. ಕೊನೆಗೆ ಅವನೇ ಇಳಿದು ಬಂದು, "ನಿನಗೆ ಆಡು ಬೇಕಾ?" ಎಂದು ಕೇಳಿದ. ಅವನ ಪಾರ್ಸೆಲ್ಲೇ ಅಲ್ಲ ಅದು.

ಇದು ನಗುವ ತಪ್ಪು. ಇನ್ನೊಂದು ಅಷ್ಟು ನಗುವಂಥದ್ದಲ್ಲ.

ಒಂದು ಮನೆಗೆ ಲೋಬಾನ ಹಾಕುವ ಮಣ್ಣಿನ ಧೂಪದಾನಿ ಒಯ್ಯುತ್ತಿದ್ದೆ. ಹಂಪ್ ನೋಡದೆ ವ್ಯಾನ್ ಹಾರಿಸಿದೆ. ಪೆಟ್ಟಿಗೆಯ ಒಳಗೆ ಟಣ್ ಎಂದಿತು. ಅಲ್ಲಾಡಿಸಿ ನೋಡಿದೆ, ಕಲಕಲ ಸದ್ದು. ಆಫೀಸಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ನೇರ ಹೋಗಿ ಆ ಮನೆಯ ಅಮ್ಮನ ಕೈಗೆ ಕೊಟ್ಟೆ. ಅವರು ಅಲ್ಲಾಡಿಸಿ, "ಏನಿದು ಸದ್ದು?" ಎಂದರು. ನಾನು ಗೊತ್ತಿದ್ದ ನಾಲ್ಕು ಹಿಂದಿ ಮಾತಿನಲ್ಲಿ, "ಹೊಸ ಮಾಡೆಲ್ ಅಮ್ಮ, ಹೀಗೇ ಸದ್ದು ಮಾಡ್ತದೆ" ಎಂದು ಹೇಳಿ ಓಡಿದೆ.

ನಮ್ಮ ಯಜಮಾನರು ಅಬು ಹಮದ್ ಎನ್ನುವವರು. ದಪ್ಪ ಹುಬ್ಬು, ಮೆಲ್ಲಗಿನ ಮಾತು. ಆ ಮನೆಯಿಂದ ಅವರಿಗೆ ಫೋನ್ ಬಂದಿತ್ತು. ಅವರು ನನ್ನನ್ನು ಬೈಯಲಿಲ್ಲ. ಒಡೆದ ಧೂಪದಾನಿಯ ಪೆಟ್ಟಿಗೆಯನ್ನು ವಾಪಸ್ ತರಿಸಿ, ನನ್ನ ವ್ಯಾನಿನ ಮುಂದಿನ ಸೀಟಿನಲ್ಲಿ ಇಟ್ಟು, ಅದಕ್ಕೆ ಸೀಟ್ ಬೆಲ್ಟ್ ಹಾಕಿದರು.

"ಸಂಜೀವ, ಒಂದು ತಿಂಗಳು ಇದು ನಿನ್ನ ಜತೆ ಬರಲಿ. ಹೊಸ ಮಾಡೆಲ್ ಅಲ್ಲವಾ," ಎಂದರು.

ಒಂದು ತಿಂಗಳು! ಎಡಕ್ಕೆ ತಿರುಗಿದರೆ ಕಲಕಲ, ಬ್ರೇಕ್ ಹಾಕಿದರೆ ಕಲಕಲ. ಹತ್ತಿದವರೆಲ್ಲ ಏನಿದು ಎಂದು ಕೇಳುವವರೇ. ಹದಿನೈದು ದಿನದ ಮೇಲೆ ಅದು ಸದ್ದು ಮಾಡದಿದ್ದರೂ ನನಗೆ ಕೇಳಿಸುತ್ತಿತ್ತು. ಆ ಪಾಠ ಮರೆಯುವುದಿಲ್ಲ ಎಂದುಕೊಂಡಿದ್ದೆ. ಮರೆತೆ. ಅದು ಮುಂದೆ ಬರುತ್ತದೆ.

ಕುರ್ಚಿ ಸಿಕ್ಕಿದ ಮೇಲೆ ಹೊಸ ಡ್ರೈವರುಗಳನ್ನು ಪರೀಕ್ಷೆ ಮಾಡುವ ಕೆಲಸ ನನಗೆ ಬಂತು. ಲೈಸೆನ್ಸ್ ಎಲ್ಲರ ಹತ್ತಿರವೂ ಇರುತ್ತದೆ, ಸಲಾಮನ್ನು ಎಲ್ಲರೂ ಚೆನ್ನಾಗಿಯೇ ಹೊಡೆಯುತ್ತಾರೆ. ಕೈ ಹೇಗಿದೆ ಎಂದು ತಿಳಿಯುವುದು ಹೇಗೆ? ನನಗೆ ಹೊಳೆದದ್ದು ಹಪ್ಪಳ. ವಾರಿಜಾ ಹಲಸಿನಕಾಯಿ ಹಪ್ಪಳ ಮಾಡುತ್ತಾಳೆ. ಊರಿನಲ್ಲಿ ಒಣಗಲು ಎರಡು ದಿನ ಕಾಯಬೇಕು, ಇಲ್ಲಿಯ ಬಿಸಿಲಿಗೆ ಬೆಳಗ್ಗೆ ಹಾಕಿದರೆ ಮಧ್ಯಾಹ್ನ ಊಟಕ್ಕೆ ಕರಿಯಬಹುದು. ಹೊಸಬನ ಕೈಯಲ್ಲಿ ಒಂದು ಕಟ್ಟು ಹಪ್ಪಳ ಕೊಟ್ಟು ನಮ್ಮದೇ ಮನೆಗೆ ಕಳಿಸುತ್ತಿದ್ದೆ. ಸಂಜೆ ಹೋಗಿ ನಾನೇ ಬಿಚ್ಚುತ್ತಿದ್ದೆ. ಒಡೆಯದಿದ್ದರೆ ಪಾಸು, ಒಡೆದರೆ ನಪಾಸು.

"ನಿಮ್ಮ ಡ್ರೈವರುಗಳಿಗೆ ಪರೀಕ್ಷೆ, ಬೆನ್ನು ನೋವು ನನಗೆ," ಎನ್ನುತ್ತಿದ್ದಳು ವಾರಿಜಾ. "ಈ ಮನೆಯಲ್ಲಿ ದುಂಡಗಿನ ಹಪ್ಪಳ ನೋಡದೆ ಎಷ್ಟು ಕಾಲ ಆಯ್ತು ಗೊತ್ತುಂಟಾ?"

ಈಗ ಶ್ರೇಯಾಳ ಪಾರ್ಸೆಲ್ ವಿಷಯ.

ಅವಳಿಗೆ ಮೂರು ತಿಂಗಳ ಪ್ರೊಬೇಷನ್. ಎರಡು ತಿಂಗಳಿನಲ್ಲಿ ಎರಡು ಪಾರ್ಸೆಲ್ ತಪ್ಪು ಕಡೆ ಹೋಗಿದ್ದವು. ಅವಳ ಮ್ಯಾನೇಜರ್ ಮೇಡಂ ಕೊನೆಯ ವಾರದಲ್ಲಿ ಒಂದು ಪಾರ್ಸೆಲ್ ಕೊಟ್ಟು, "ಇದು ಸರಿಯಾಗಿ ಮುಟ್ಟಿದರೆ ನೀನು ಇರುತ್ತಿ, ಇಲ್ಲದಿದ್ದರೆ ಇಲ್ಲ," ಎಂದು ನೇರ ಹೇಳಿದ್ದರು. ಕೆಲಸ ಹೋದರೆ ಊರಿಗೆ ಹೋಗಿ ಬಿ.ಎಡ್. ಮಾಡಬೇಕು ಎಂದು ರಮೇಶ ಮೊದಲೇ ಹೇಳಿಟ್ಟಿದ್ದ. ಹುಡುಗಿ ಅನ್ನ ಬಿಟ್ಟಳು. ಅವಳು ಹೋದರೆ ಈ ಮನೆಯಲ್ಲಿ ನನ್ನ ಮಾತು ಕೇಳುವವರು ಯಾರು? ನಾನೂ ಒಂದು ಚಪಾತಿ ಕಡಿಮೆ ಮಾಡಿದೆ.

ಪಾರ್ಸೆಲ್ ಏನೆಂದರೆ ಒಂದು ಖಂಜರ್. ಒಮಾನಿ ಗಂಡಸರು ಮದುವೆಯಲ್ಲಿ ಸೊಂಟಕ್ಕೆ ಕಟ್ಟುವ, ಬೆಳ್ಳಿಯ ಒರೆಯ ಬಾಗಿದ ಚೂರಿ. ಖಸಬ್‌ನ ಒಬ್ಬ ಹಿರಿಯರದ್ದು, ಅವರ ಅಜ್ಜನ ಕಾಲದ್ದು. ಹಿಡಿ ಸಡಿಲವಾಗಿದೆ ಎಂದು ಮಸ್ಕತ್ತಿನ ಮತ್ರಾ ಪೇಟೆಯ ಬೆಳ್ಳಿ ಕೆಲಸದವನ ಹತ್ತಿರ ರಿಪೇರಿಗೆ ಬಂದಿತ್ತು. ಗುರುವಾರ ಸಂಜೆ ಅವರ ಮೊಮ್ಮಗನ ಮದುವೆ. ಅದರೊಳಗೆ ಮುಟ್ಟಬೇಕು.

ಖಸಬ್ ಎಂದರೆ ಸುಲಭ ಅಲ್ಲ. ಒಮಾನಿನದ್ದೇ ಊರು, ಆದರೆ ರಸ್ತೆಯಲ್ಲಿ ಹೋದರೆ ನಡುವೆ ಬೇರೆ ದೇಶ ದಾಟಬೇಕು. ಎರಡು ಗಡಿ, ಎರಡರಲ್ಲೂ ತಪಾಸಣೆ. ಪೆಟ್ಟಿಗೆಯಲ್ಲಿರುವುದು ಚೂರಿ. ವಿಮಾನದಲ್ಲಿ ಬರೀ ಪಾರ್ಸೆಲ್ ಆಗಿ ಹಾಕಲು ಕಾಗದಪತ್ರಕ್ಕೇ ಒಂದು ವಾರ ಬೇಕು. ಉಳಿದದ್ದು ಶಿನಾಸ್ ಬಂದರಿನಿಂದ ಹೋಗುವ ಹಡಗು. ಅದು ಎಲ್ಲ ದಿನ ಇಲ್ಲ, ಆ ವಾರ ಬುಧವಾರ ಇತ್ತು.

ಒಯ್ಯಲು ಇಬ್ಬರು ಸಿಗುತ್ತಿದ್ದರು. ಒಬ್ಬ ನವೀನ್, ಮಂಗಳೂರಿನವನು. ಕೂದಲಿಗೆ ಜೆಲ್, ಕಂಪ್ಯೂಟರಿನಲ್ಲಿ ಐದಕ್ಕೆ ಐದು ನಕ್ಷತ್ರ. "ರಸ್ತೆಯಲ್ಲೇ ಒಂದು ದಿನದಲ್ಲಿ ಕೊಟ್ಟು ಬರ್ತೇನೆ, ಗಡಿಯಲ್ಲಿ ನನಗೆ ಎಲ್ಲರೂ ಗುರ್ತ," ಎನ್ನುವವನು. ಇನ್ನೊಬ್ಬ ಖಲ್ಫಾನ್, ಶಿನಾಸ್ ಕಡೆಯ ಒಮಾನಿ, ನಾಲ್ಕು ಮಕ್ಕಳ ತಂದೆ, ಹಿಂದಿ ನನಗಿಂತ ಚೆನ್ನಾಗಿ ಬರುತ್ತದೆ. ಹಡಗಿನಲ್ಲಿ ಒಯ್ಯುತ್ತೇನೆ ಎಂದ. ಅವನ ನಕ್ಷತ್ರ ಮೂರೂವರೆ.

"ನವೀನ್ ಈಸ್ ದ ಬೆಸ್ಟ್, ಅಜ್ಜ. ಡೇಟಾ ನೋಡಿ," ಎಂದಳು ಶ್ರೇಯಾ.

"ನಕ್ಷತ್ರ ನೋಡಿ ಕೊಡಲು ಇದೇನು ಜಾತಕವಾ?" ಎಂದೆ. "ಹಪ್ಪಳ ಕೊಟ್ಟು ನೋಡು."

"ಅಜ್ಜ, ದಿಸ್ ಈಸ್ ನಾಟ್ ಎ ಮೆಥಡ್!"

"ನಿನ್ನ ಅಪ್ಪನ ಫೀಸು ಕಟ್ಟಿದ್ದು ಇದೇ ಮೆಥಡ್."

ಆಫೀಸಿನವರಿಗೆ ಯಾರಿಗೂ ಹೇಳಬಾರದು ಎಂದು ನನ್ನಿಂದ ಭಾಷೆ ತೆಗೆದುಕೊಂಡು ಅವಳು ಒಪ್ಪಿದಳು. ವಾರಿಜಾ ಇಪ್ಪತ್ತೈದರಂತೆ ಎರಡು ಕಟ್ಟು ಮಾಡಿದಳು. ಮೇಲೆ "ಹಪ್ಪಳ, ಜಾಗ್ರತೆ" ಎಂದು ಶ್ರೇಯಾಳ ಕೈಯಲ್ಲಿ ಇಂಗ್ಲಿಷಿನಲ್ಲಿ ಬರೆಸಿದೆವು. ರೂವಿಯ ಅವಳ ಆಫೀಸಿನಿಂದ ಸೀಬ್‌ನ ನಮ್ಮ ಮನೆಗೆ, ಇಬ್ಬರ ಕೈಯಲ್ಲೂ ಒಂದೊಂದು.

ಸೋಮವಾರ ಮಧ್ಯಾಹ್ನ ನನ್ನ ಫೋನ್ ಹೊಡೆದುಕೊಂಡಿತು. ಖಲ್ಫಾನ್.

"ಚಾಚಾ, ನಿಮ್ಮ ಪೆಟ್ಟಿಗೆ ಬಿತ್ತು. ವಲ್ಲಾ, ದೇವರಾಣೆ, ನನ್ನದೇ ತಪ್ಪು. ಬಾಗಿಲು ತೆಗೆದೆ, ಜಾರಿತು. ಬಿಚ್ಚಿ ನೋಡಿದೆ, ಮೂರು ಒಡೆದಿದೆ. ಮನೆಯ ಅಮ್ಮನವರಿಗೆ ಏನು ಹೇಳಲಿ?"

"ಬಾ, ಬಂದು ಹೇಳು," ಎಂದೆ. ಮನಸ್ಸಿನಲ್ಲಿ ನಪಾಸು ಹಾಕಿ ಆಗಿತ್ತು. ಬಂದ, ತಲೆ ತಗ್ಗಿಸಿ ಪೆಟ್ಟಿಗೆ ಕೊಟ್ಟ, ನೀರು ಕೂಡ ಕುಡಿಯದೆ ಹೋದ. ವಾರಿಜಾ ಎಣಿಸಿದಳು.

"ಇಪ್ಪತ್ನಾಲ್ಕೇ ಉಂಟಲ್ಲ?"

"ನೀನೇ ತಪ್ಪು ಎಣಿಸಿರಬೇಕು."

"ನಾನಾ? ಐವತ್ತು ವರ್ಷದಲ್ಲಿ ನಾನು ತಪ್ಪು ಎಣಿಸಿದ್ದು ಒಂದೇ, ನಿಮ್ಮ ವಯಸ್ಸು. ಮದುವೆಗೆ ಮೂರು ವರ್ಷ ಕಡಿಮೆ ಹೇಳಿದ್ರು ನಿಮ್ಮವರು."

ಸಂಜೆ ನವೀನ್ ಬಂದ. "ತಗೊಳ್ಳಿ ಅಜ್ಜೆರೇ, ಹೂವಿನ ಹಾಗೆ ತಂದಿದ್ದೇನೆ," ಎಂದ. ನಾನು ಬಿಚ್ಚಿದೆ. ಇಪ್ಪತ್ತೈದಕ್ಕೆ ಇಪ್ಪತ್ತೈದು, ಒಂದು ಅಂಚೂ ಮುರಿದಿಲ್ಲ, ಹುಣ್ಣಿಮೆ ಚಂದ್ರನಂತೆ. ಶ್ರೇಯಾ ಚಪ್ಪಾಳೆ ಹೊಡೆದಳು. ಅವಳ ನಕ್ಷತ್ರವೂ ನನ್ನ ಹಪ್ಪಳವೂ ಒಂದೇ ಹೆಸರು ಹೇಳಿದ್ದು ಕಂಡು ಅಜ್ಜ ಮೊಮ್ಮಗಳು ಕೈ ಕುಲುಕಿಕೊಂಡೆವು. ನಾಳೆ ಬೆಳಗ್ಗೆ ಖಂಜರ್ ನವೀನನಿಗೆ ಎಂದು ತೀರ್ಮಾನವಾಯಿತು.

ಮಂಗಳವಾರ ಬೆಳಗ್ಗೆ ಶ್ರೇಯಾ ಆಫೀಸಿಗೆ ಹೊರಟು ಶೂ ಹಾಕುತ್ತಿದ್ದಳು. ವಾರಿಜಾ ಗಂಜಿಯ ಜತೆಗೆ ಎಂದು ನವೀನ್ ತಂದ ಕಟ್ಟಿನಿಂದ ಎರಡು ಹಪ್ಪಳ ತೆಗೆದವಳು, ಬೆಳಕಿಗೆ ಹಿಡಿದಳು, ಮೂಸಿದಳು.

"ಇದು ಯಾರ ಹಪ್ಪಳ?"

"ನಿನ್ನದೇ," ಎಂದೆ.

"ನನ್ನದಾ? ಮಾರಾಯ್ರೇ, ಇದು ಉದ್ದಿನದ್ದು! ನಾನು ಮಾಡಿದ್ದು ಹಲಸಿನದ್ದು. ನನ್ನದರಲ್ಲಿ ಕೊತ್ತಂಬರಿ ಉಂಟು, ತಟ್ಟೆಯ ಅಡಿಯಿಂದ ಒತ್ತಿದ ಗೆರೆ ಉಂಟು. ಇದು ಮಿಷನ್ನಿನಲ್ಲಿ ಕೊರೆದ ಹಾಗೆ ಉಂಟು. ಅಂಗಡಿಯದ್ದು ಇದು. ಎರಡು ದೊಡ್ಡ ಕಣ್ಣು ಇಟ್ಟುಕೊಂಡು ನೀವು ನೋಡಿದ್ದೆಂತ?"

ನೋಡಿದ್ದೆಂತ? ಒಡೆದಿದೆಯೋ ಇಲ್ಲವೋ, ಅಷ್ಟೇ. ಶ್ರೇಯಾ ಒಂದೇ ಶೂ ಹಾಕಿಕೊಂಡು ಫೋನ್ ಸ್ಪೀಕರಿಗೆ ಹಾಕಿದಳು.

"ನವೀನಣ್ಣ, ಆ ಹಪ್ಪಳ ಎಲ್ಲಿಂದ?"

"ನಿಮ್ಮ ಅಜ್ಜಿಯದ್ದೇ ಅಲ್ವಾ?"

"ಅಜ್ಜಿ ಕೊಟ್ಟದ್ದು ಹಲಸಿನದ್ದು. ಬಂದದ್ದು ಉದ್ದಿನದ್ದು."

ನವೀನ್ ಗಂಭೀರವಾಗಿ ಹೇಳಿದ: "ಇಲ್ಲಿಯ ಬಿಸಿಲಿಗೆ ಕೆಲವು ಸಲ ಹಾಗೆ ಆಗ್ತದೆ."

ವಾರಿಜಾ ಸೌಟು ಹಿಡಿದುಕೊಂಡೇ ನೆಲದಲ್ಲಿ ಕೂತು ನಕ್ಕಳು. ನನಗೆ ನಗು ಬರಲಿಲ್ಲ. ನನ್ನ ಕಿವಿಯಲ್ಲಿ ಕಲಕಲ ಸದ್ದು ಕೇಳುತ್ತಿತ್ತು, ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂತ ಪೆಟ್ಟಿಗೆಯದ್ದು. "ಹೊಸ ಮಾಡೆಲ್ ಅಮ್ಮ" ಎಂದವನೂ ಒಬ್ಬ ನವೀನನೇ ಅಲ್ಲವೇ? ಇಷ್ಟು ವರ್ಷ ನಾನು ಒಡೆಯದವರನ್ನು ಪಾಸು ಮಾಡಿದೆ. ಅವರಲ್ಲಿ ಎಷ್ಟು ಮಂದಿ ದಾರಿಯಲ್ಲಿ ಅಂಗಡಿಗೆ ಹೋಗಿ ಬಂದವರೋ! ಒಡೆದು, ಬಂದು ಹೇಳಿದವರನ್ನೆಲ್ಲ ನಪಾಸು ಮಾಡಿ ಮನೆಗೆ ಕಳಿಸಿದ್ದೆ.

"ಶ್ರೇಯಾ," ಎಂದೆ, "ನಾನು ಪರೀಕ್ಷೆ ಇಟ್ಟದ್ದು ಸರಿ, ಮಾರ್ಕು ಹಾಕಿದ್ದು ತಪ್ಪು. ದಾರಿ ಎಂದ ಮೇಲೆ ಏನಾದರೂ ಆಗಿಯೇ ಆಗುತ್ತದೆ. ಆದ ಕೂಡಲೇ ನಿನಗೆ ಫೋನ್ ಮಾಡುವವನು ಯಾರು, ಅವನಿಗೆ ಕೊಡು."

ಅವಳು ಇನ್ನೊಂದು ಶೂ ಹಾಕಿಕೊಂಡಳು. ಖಂಜರ್ ಖಲ್ಫಾನ್ ಕೈಗೆ ಹೋಯಿತು. ಐದು ನಕ್ಷತ್ರದವನನ್ನು ಬಿಟ್ಟು ಮೂರೂವರೆಯವನಿಗೆ ಯಾಕೆ ಕೊಟ್ಟೆ ಎಂದು ಮೇಡಂ ಕೇಳಿದರಂತೆ. ಹಪ್ಪಳದ ವಿಷಯ ಹೇಳಲು ನಾಚಿಕೆಯಾಗಿ, "ಐ ಹ್ಯಾವ್ ಮೈ ರೀಸನ್ಸ್" ಎಂದಳಂತೆ. "ನಿನ್ನ ಇಷ್ಟ. ತಪ್ಪಿದರೆ ನಿನ್ನದೇ," ಎಂದರಂತೆ ಅವರು.

ಬುಧವಾರ ಬೆಳಗ್ಗೆ ಆರೂವರೆಗೆ ಫೋನ್.

"ಬೇಟಿ, ಶಿನಾಸ್ ಬಂದರಿನಲ್ಲಿದ್ದೇನೆ. ಗಾಳಿ ಜೋರಾಗಿದೆ, ಸಮುದ್ರ ಎದ್ದಿದೆ. ಇವತ್ತು ಹಡಗು ಇಲ್ಲ, ಖಲಾಸ್. ಬೋರ್ಡ್ ಹಾಕಿ ಐದು ನಿಮಿಷ ಆಗಿಲ್ಲ, ನಿನಗೆ ಹೇಳಿದೆ. ಏನು ಮಾಡಲಿ?"

ಶ್ರೇಯಾ ಅಳಲು ಶುರು ಮಾಡಿದಳು. ರಮೇಶ ಕಾಫಿ ಲೋಟ ಕೆಳಗಿಟ್ಟ. ಬಿ.ಎಡ್. ಎಂಬ ಮಾತು ಅವನ ಬಾಯಿಯ ತುದಿಯಲ್ಲಿ ನಿಂತದ್ದು ನನಗೆ ಕಂಡಿತು. ನಾನು ಕಣ್ಣಲ್ಲೇ ಗದರಿಸಿದೆ, ನುಂಗಿದ.

"ಮೋಳೆ, ಅತ್ತರೆ ಟೈಮ್ ಹೋಗ್ತದೆ," ಎಂದೆ. ಮೂಲೆ ಅಂಗಡಿಯವನ ಜತೆ ಮಾತಾಡಿ ಮಾತಾಡಿ, ಗಾಬರಿಯಾದಾಗ ನನಗೆ ಮಲಯಾಳಂ ಬರುತ್ತದೆ, ಮಗಳೇ ಎನ್ನುವುದು ಮೋಳೆ ಆಗುತ್ತದೆ. "ಅವನು ನಿನಗೆ ಕೂಡಲೇ ಹೇಳಿದ. ಈಗ ನೀನು ಗಿರಾಕಿಗೆ ಕೂಡಲೇ ಹೇಳು."

"ಅಜ್ಜ, ಅವರು ಬೈತಾರೆ!"

"ಬೈಯಲಿ. ಇನ್ನೂ ಒಂದೂವರೆ ದಿನ ಉಂಟು, ಬೈದು ಮುಗಿಸಿ ಯೋಚನೆ ಮಾಡ್ಲಿಕ್ಕೆ."

ಮಾಡಿದಳು. ಖಸಬ್‌ನ ಹಿರಿಯರು ಬೈಯಲಿಲ್ಲ. "ನನ್ನ ತಂಗಿಯ ಮಗ ಗುರುವಾರ ಬೆಳಗಿನ ವಿಮಾನಕ್ಕೆ ಮಸ್ಕತ್ತಿನಿಂದ ಮದುವೆಗೆ ಬರುತ್ತಿದ್ದಾನೆ. ಅವನ ಲಗ್ಗೇಜಿನಲ್ಲಿ ಹಾಕಬಹುದಾ?" ಎಂದು ಅವರೇ ಕೇಳಿದರು. ಆಗಬಹುದಾ! ವಿಮಾನದ ಹೊಟ್ಟೆಗೆ ಹೋಗುವ ಪ್ರಯಾಣಿಕನ ಲಗ್ಗೇಜಿಗೆ ಆ ಒಂದು ವಾರದ ಕಾಗದಪತ್ರ ಬೇಡ. ನಮ್ಮ ಕಾಲದಲ್ಲಿ ಊರಿಗೆ ಹೋಗುವವರ ಪೆಟ್ಟಿಗೆಯಲ್ಲಿ ನಾವು ಏನೆಲ್ಲ ತುರುಕಿಲ್ಲ! ಇಷ್ಟೆಲ್ಲ ಕಂಪ್ಯೂಟರ್ ಮಾಡಿ ಕೊನೆಗೆ ಮದುವೆಗೆ ಹೋಗುವ ನೆಂಟನ ಸೂಟ್‌ಕೇಸಿಗೇ ಬಂದೆವು.

ಖಲ್ಫಾನ್ ಶಿನಾಸಿನಿಂದ ವಾಪಸ್ ಬಂದ. ಗುರುವಾರ ಬೆಳಗ್ಗೆ ಏರ್‌ಪೋರ್ಟಿನಲ್ಲಿ ಶ್ರೇಯಾಳ ಎದುರಿಗೇ ಆ ನೆಂಟನ ಕೈಗೆ ಪೆಟ್ಟಿಗೆ ಕೊಟ್ಟು, ಸಹಿ ಹಾಕಿಸಿಕೊಂಡ. ನಾನೂ ಹೋಗಿದ್ದೆ, ಏನೂ ಮಾಡಲಿಕ್ಕಲ್ಲ, ಸುಮ್ಮನೆ ವಿಮಾನಕ್ಕೆ ಟಾಟಾ ಮಾಡಲು. ವಿಮಾನ ಹೋದ ಮೇಲೆ ಖಲ್ಫಾನ್ ಫೋನ್ ಹಿಡಿದೇ ಕೂತ. "ನಿನ್ನ ಕೆಲಸ ಮುಗಿಯಿತಲ್ಲ, ಹೋಗು," ಎಂದೆ. "ಮುಟ್ಟಿದೆ ಅಂತ ಹೇಳಲಿ ಚಾಚಾ," ಎಂದ.

ಸಂಜೆ ಫೋಟೋ ಬಂತು. ಮದುಮಗ ಬಿಳಿ ಉಡುಪಿನಲ್ಲಿ, ಸೊಂಟದಲ್ಲಿ ಖಂಜರ್. ಪಕ್ಕದಲ್ಲಿ ಅವನ ಅಜ್ಜ. ಮೊಮ್ಮಗನನ್ನು ನೋಡುತ್ತಿದ್ದ ಆ ಮುಖವನ್ನು ನಾನು ದೊಡ್ಡದು ಮಾಡಿ ಮಾಡಿ ನೋಡಿದೆ. ಹೆಮ್ಮೆಗೆ ನನ್ನ ಮುಖವೂ ಆಗ ಅಷ್ಟೇ ಉಬ್ಬಿತ್ತು ಎಂದಳು ವಾರಿಜಾ. ಆ ಹಿರಿಯರು ಶ್ರೇಯಾಳ ಮೇಡಂಗೇ ಫೋನ್ ಮಾಡಿ, "ಗಾಳಿ ಎದ್ದ ಕೂಡಲೇ ನನಗೆ ಹೇಳಿದ ಹುಡುಗಿ ಯಾರು?" ಎಂದು ಕೇಳಿದರಂತೆ. ಇವತ್ತು ಭಾನುವಾರ, ಇಲ್ಲಿಯ ಶುಕ್ರವಾರ ಶನಿವಾರದ ರಜೆ ಮುಗಿದು ಆಫೀಸು ತೆರೆದ ದಿನವೇ ಮೇಡಂ ಕಾಗದ ಕೊಟ್ಟರು. ಹುಡುಗಿ ಖಾಯಂ!

ಸಂಜೆ ಖಲ್ಫಾನ್‌ನನ್ನು ಹೆಂಡತಿ ಮಕ್ಕಳ ಸಮೇತ ಊಟಕ್ಕೆ ಕರೆದೆವು. ಅವನು ಹಲ್ವಾ ತಂದ. ಸೊಸೆ ಕೋಳಿ ಸುಕ್ಕ ಮಾಡಿದ್ದಳು. ಕುರ್ಚಿ ಸಾಲದೆ ಹಾಲಿನಲ್ಲಿ ಚಾಪೆ ಹಾಸಿ ಎಲ್ಲರೂ ಒಟ್ಟಿಗೆ ಕೂತೆವು. ರಮೇಶ ಮಗಳ ತಟ್ಟೆಗೆ ತಾನೇ ಬಡಿಸಿದ, ಬಿ.ಎಡ್. ಮಾತು ಎತ್ತಲಿಲ್ಲ. ವಾರಿಜಾ ಬಾಣಲೆ ಇಟ್ಟು ಹಪ್ಪಳ ಕರಿದಳು, ಖಲ್ಫಾನ್ ತಂದ ಕಟ್ಟಿನದ್ದೇ, ಒಡೆದವೂ ಸೇರಿ. ಎಣ್ಣೆಗೆ ಬಿದ್ದ ಕೂಡಲೇ ಉಬ್ಬಿ ಎದ್ದದ್ದನ್ನು ಕಂಡು ಖಲ್ಫಾನ್ ಬಾಯಿ ಬಿಟ್ಟ.

"ಇದನ್ನು ಕರಿಯಬೇಕಾ, ಚಾಚಾ?"

"ಮತ್ತೆ?"

ಅವನು ಹೆಂಡತಿಯ ಮುಖ ನೋಡಿದ, ತಟ್ಟೆ ನೋಡಿದ, ಕೊನೆಗೆ ವಾರಿಜಾಳ ಕಡೆ ತಿರುಗಿದ. "ಅಮ್ಮಾ, ಇನ್ನೊಂದು ಹೇಳುವುದಿದೆ. ಅವತ್ತು ಒಡೆದದ್ದು ಮೂರಲ್ಲ, ನಾಲ್ಕು. ಒಂದು ಚೂರುಚೂರಾಗಿತ್ತು, ಬಿಸ್ಕತ್ತು ಅಂತ ತಿಂದೆ. ಎರಡು ದಿನ ಹಲ್ಲು ನೋವು."

ವಾರಿಜಾ ಸೌಟು ಎತ್ತಿ ನನ್ನ ಕಡೆ ತೋರಿಸಿದಳು. "ಕೇಳಿದ್ರಾ? ಇಪ್ಪತ್ನಾಲ್ಕು! ನಾನು ತಪ್ಪು ಎಣಿಸಿದ್ದಂತೆ!"

ಚಾಪೆ ತುಂಬ ನಗು. ಖಲ್ಫಾನ್‌ನ ಸಣ್ಣ ಮಗಳು ಯಾವುದನ್ನೂ ಕೇಳಿಸಿಕೊಳ್ಳದೆ ದುಂಡಗಿನ ಹಪ್ಪಳ ಒಂದನ್ನು ಎರಡು ಕೈಯಲ್ಲಿ ಹಿಡಿದು ಕಟಕಟನೆ ಕಡಿಯುತ್ತಿದ್ದಳು. ವಾರಿಜಾ ಅವನ ತಟ್ಟೆಗೆ ಒಡೆದ ಮೂರನ್ನೂ ಹಾಕಿ, ಮೇಲೆ ಒಂದು ಇಡೀ ಹಪ್ಪಳ ಇಟ್ಟು, "ಇದು ನಾಲ್ಕನೆಯದು. ತಿನ್ನು ಮಗ," ಎಂದಳು. ಅವನು ತಿಂದ. ನಾವೆಲ್ಲರೂ ತಿಂದೆವು.